ಅತ್ತೆಯವರ ದಾಳಿಂಬೆಗೆ ಗೂಟಿ

ಹಳೇ ಗಿಡವನ್ನು ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದು ಕಷ್ಟ. ಇದು ಎಲ್ಲರಿಗೂ ಗೊತ್ತು. ವಯಸ್ಸಾದವರ ವಿಷಯದಲ್ಲೂ ನಮ್ಮ ಹೆಂಗಸರು ಇದೇ ಮಾತು ಆಡುತ್ತಾರೆ. ಹಳ್ಳಿಯ ಮನೆ ಬಿಡಿಸಿ ಅತ್ತೆಯನ್ನೋ ಅಮ್ಮನನ್ನೋ ಕರೆತಂದು, ಆರು ತಿಂಗಳಲ್ಲಿ ಅವರು ಸೊರಗಿಹೋದದ್ದನ್ನು ನಮ್ಮಲ್ಲಿ ಎಷ್ಟು ಜನ ಕಂಡಿಲ್ಲ? ನಮ್ಮ ಮನೆಯಲ್ಲೂ ಇದೇ ಭಯ ಇತ್ತು. ಆಗ ನನ್ನ ಕೈಹಿಡಿದದ್ದು ಒಂದು ದಾಳಿಂಬೆ ಗಿಡ ಎಂದರೆ ನೀವು ನಗಬಹುದು.

ನಮ್ಮತ್ತೆಯವರದು ಅರಸೀಕೆರೆ ಕಡೆಯ ಒಂದು ಹಳ್ಳಿ. ಮಾವನವರು ತೀರಿಕೊಂಡ ಮೇಲೂ ಒಬ್ಬರೇ ಆ ಮನೆಯಲ್ಲಿದ್ದರು. 2021ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು. ಕೈ ಕೂಡಿಕೊಂಡರೂ ಮೊದಲಿನ ಶಕ್ತಿ ಬರಲಿಲ್ಲ. ಮನೆಯ ಹಿಂದಿನ ಗೋಡೆಯೂ ಮಳೆಗೆ ಕುಸಿಯುತ್ತಿತ್ತು. ಕೊನೆಗೆ 2022ರ ಬೇಸಿಗೆಯಲ್ಲಿ ಅಣ್ಣ ತಮ್ಮಂದಿರು ಕೂತು ಮಾತಾಡಿ, ಮನೆಯನ್ನು ಪಕ್ಕದವರಿಗೇ ಕೊಡುವುದು, ದೀಪಾವಳಿ ಕಳೆದ ಮೇಲೆ ರಿಜಿಸ್ಟರ್ ಮಾಡಿಸುವುದು, ಅಮ್ಮ ತಿಪಟೂರಿನಲ್ಲಿ ನಮ್ಮ ಜೊತೆ ಇರುವುದು ಎಂದು ತೀರ್ಮಾನಿಸಿದರು. ಅಮ್ಮನನ್ನು ಕೇಳಿದ್ದು ಕಡೆಯಲ್ಲಿ.

ಅತ್ತೆಯವರು ಮನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಹಿತ್ತಲಿನ ದಾಳಿಂಬೆ ಏನಾಗುತ್ತೆ?" ಅಂದರು, ಅಷ್ಟೇ. ಕೊಂಡುಕೊಂಡವರು ಹಳೇ ಮನೆ ಕೆಡವಿ ಹೊಸದು ಕಟ್ಟುವವರು. ಗಿಡ ಉಳಿಯುವಂತಿರಲಿಲ್ಲ. ಅದನ್ನು ನೆಟ್ಟವರು ಮಾವನವರು, ನಮ್ಮ ಯಜಮಾನರು ಹುಟ್ಟಿದ ವರ್ಷ. ಬಾಣಂತನಕ್ಕೆ, ಮಕ್ಕಳ ಹೊಟ್ಟೆನೋವಿಗೆ, ಹಬ್ಬದ ಕೋಸಂಬರಿಗೆ ಎಲ್ಲಕ್ಕೂ ಆ ಗಿಡವೇ. ನಾನು ಸಾಗರದ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಅದರ ಕುಡಿ ಕಿತ್ತು ಜೀರಿಗೆ, ಮೆಣಸು, ಕಾಯಿ ಜೊತೆ ಅರೆದು ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದಾಗ ಅತ್ತೆಯವರು, "ಎಲೇನೂ ತಿಂತೀರಾ ನೀವು?" ಅಂತ ನಕ್ಕಿದ್ದರು. ಆಮೇಲೆ ಅವರೇ ವಾರಕ್ಕೊಂದು ಸಲ ಕೇಳಿ ಮಾಡಿಸಿಕೊಳ್ಳುತ್ತಿದ್ದರು.

"ನಾನು ಬರೋದಿಲ್ಲ ಕಣಮ್ಮ. ಈ ವಯಸ್ಸಿನಲ್ಲಿ ನನಗೆಲ್ಲಿ ಬೇರು ಬರುತ್ತೆ?" ಎಂದು ಅವರು ಅಂದ ದಿನ ನನಗೆ ಗೂಟಿಯ ನೆನಪಾಯಿತು. ನಮ್ಮ ಕಡೆ ನಿಂಬೆಗೆ, ಸೀಬೆಗೆ ಗೂಟಿ ಕಟ್ಟುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಕೊಂಬೆ ಗಿಡದಲ್ಲಿ ಇರುವಾಗಲೇ ಅದಕ್ಕೆ ಬೇರು ಬರಿಸಿ, ಆಮೇಲೆ ಕತ್ತರಿಸಿ ನೆಡುವ ಕ್ರಮ ಇದು. ಬೀಜದಿಂದ ಎದ್ದ ದಾಳಿಂಬೆ ತಾಯಿಯ ಹಾಗೇ ಇರುತ್ತದೆಂದು ಹೇಳಲಾಗದು. ಹಣ್ಣು ಹುಳಿಯಾಗಬಹುದು, ಬೀಜ ಗಟ್ಟಿಯಾಗಬಹುದು. ಗೂಟಿಯ ಗಿಡವಾದರೆ ಅದೇ ಗಿಡ, ಅದೇ ಹಣ್ಣು. ಬೀಜದ ಗಿಡಕ್ಕಿಂತ ಬೇಗ ಫಲಕ್ಕೂ ಬರುತ್ತದೆ.

ತಿಪಟೂರಿನ ನಮ್ಮದು ಬಾಡಿಗೆ ಮನೆ. ಹಿತ್ತಲಿಲ್ಲ, ತಾರಸಿ ಮಾತ್ರ. ದೊಡ್ಡ ಗಿಡ ಎಲ್ಲಿ ನೆಡುವುದು? ನಮ್ಮ ಮಹಿಳಾ ಸಮಾಜದಲ್ಲಿ ಒಬ್ಬರು ಬೋನ್ಸಾಯ್ ಬೆಳೆಸುತ್ತಾರೆ. ಆಲ, ಅರಳಿ, ದಾಳಿಂಬೆ ಎಲ್ಲವೂ ಅವರಲ್ಲಿ ಅಗಲದ ತಟ್ಟೆಯಂಥ ಕುಂಡಗಳಲ್ಲಿ ಗೇಣುದ್ದ, ಮೊಳದುದ್ದ ಇವೆ. ಬೋನ್ಸಾಯ್ ಎಂದರೆ ಜಪಾನೀ ಮಾತಿನಲ್ಲಿ ತಟ್ಟೆಯಲ್ಲಿ ನೆಟ್ಟದ್ದು ಎಂದರ್ಥವಂತೆ. ಚೀನಾದಲ್ಲಿ ಹುಟ್ಟಿದ ವಿದ್ಯೆ ಜಪಾನಿಗೆ ಹೋಗಿ ಬೆಳೆಯಿತು. ಅಲ್ಲಿಯವರಿಗೆ ಮೇಪಲ್ ಮರ ಎಂದರೆ ಬಲು ಪ್ರೀತಿ. ಅಂಗೈಯಂಥ ಎಲೆ, ಎಲೆ ಉದುರುವ ಕಾಲಕ್ಕೆ ಕೆಂಪಗಾಗುತ್ತದೆ. ದೊಡ್ಡ ಮೇಪಲ್ ಮರದಲ್ಲಿ ಚೆಂದವಾಗಿ ಬಾಗಿದ ಕೊಂಬೆ ಕಂಡರೆ, ಚಿಗುರು ಬಲಿತ ಮೇಲೆ ಅದಕ್ಕೆ ಗೂಟಿ ಕಟ್ಟಿ, ಬೇರು ಬಂದ ಮೇಲೆ ಕತ್ತರಿಸಿ ಕುಂಡಕ್ಕೆ ಹಾಕುತ್ತಾರೆ. ಹೀಗೆ ಮಾಡಿದರೆ ವರ್ಷಗಟ್ಟಲೆ ಕಾಯದೆ ಹಳೇ ಮರದ ಕಳೆ ಇರುವ ಪುಟ್ಟ ಮರ ಸಿಗುತ್ತದೆ, ಬೇರೂ ಸುತ್ತಲೂ ಸಮವಾಗಿ ಹರಡುತ್ತದೆ. ಅವರು ಇದನ್ನು ತೋರಿಕಿ ಎನ್ನುತ್ತಾರೆ. "ಮೇಪಲ್ ಚಳಿ ಬೇಡುವ ಮರ, ನಮ್ಮ ಸೆಖೆಗೆ ಆಗಿಬರೋದಿಲ್ಲ. ನೀವು ದಾಳಿಂಬೆಗೆ ಕಟ್ಟಿ, ಚೆನ್ನಾಗಿ ಬರುತ್ತೆ" ಎಂದು ಆಕೆ ಧೈರ್ಯ ಹೇಳಿದರು.

ಜುಲೈ ಮೊದಲ ವಾರ, ಮಳೆ ಹಿಡಿದ ಮೇಲೆ ಊರಿಗೆ ಹೋದೆ. ಗೂಟಿಗೆ ಮಳೆಗಾಲವೇ ಸರಿ. ಗಾಳಿಯಲ್ಲಿ ತೇವ ಇರುತ್ತದೆ, ಗಿಡವೂ ಲವಲವಿಕೆಯಿಂದ ಇರುತ್ತದೆ. ಕಟ್ಟುವ ವಿಧಾನವನ್ನು ಬರೆಯುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು.

ರೋಗವಿಲ್ಲದ, ಪೆನ್ಸಿಲಿಗಿಂತ ದಪ್ಪವಾದ ಕೊಂಬೆ ಆರಿಸಿಕೊಳ್ಳಿ. ಕುಂಡದ ಪುಟ್ಟ ಮರಕ್ಕಾದರೆ ಹೆಬ್ಬೆರಳು ದಪ್ಪದ, ಒಳ್ಳೇ ಬಾಗು ಇರುವ ಕೊಂಬೆ ಆಗಬೇಕು. ಬೇರು ಬರಬೇಕಾದ ಜಾಗದ ಕೆಳಗೆ, ಹರಿತವಾದ ಚೂರಿಯಿಂದ 1 ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆಯನ್ನು ಬಳೆಯಂತೆ ತೆಗೆಯಿರಿ. ತೆಗೆದ ಮೇಲೆ ಒಳಗೆ ಜಾರುವಂಥ ಒಂದು ಪೊರೆ ಇರುತ್ತದೆ. ಅದನ್ನೂ ಚೂರಿಯಿಂದ ಹೆರೆದು ಒರೆಸಬೇಕು. ಉಳಿದರೆ ತೊಗಟೆ ಮತ್ತೆ ಕೂಡಿಕೊಂಡು ಬೇರು ಬರುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಬೇರು ಬರಿಸುವ ಪುಡಿ ಸಿಗುತ್ತದೆ. ಅದನ್ನು ಬಳೆಯ ಮೇಲಂಚಿಗೆ ಸವರಿದರೆ ಒಳ್ಳೆಯದು.

ಇನ್ನು ಅದರ ಸುತ್ತ ತೇವದ ಉಂಡೆ ಕಟ್ಟಬೇಕು. ನರ್ಸರಿಯವರು ಪಾಚಿ ಬಳಸುತ್ತಾರೆ. ತಿಪಟೂರಿನಲ್ಲಿ ತೆಂಗಿನ ನಾರಿನ ಪುಡಿಗೆ ಬರವೇ? ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪು, ಒಗರು ಹೋಗಿಸಿ, ಹಿಂಡಿದರೆ ಒಂದೆರಡು ತೊಟ್ಟು ಬೀಳುವಷ್ಟು ಒದ್ದೆ ಇಟ್ಟುಕೊಂಡೆ. ಕಿತ್ತಲೆ ಗಾತ್ರದ ಉಂಡೆ ಮಾಡಿ ಕೊಂಬೆಗೆ ಅಮರಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ಕಡೆ ಬಿಗಿಯಾಗಿ ದಾರ ಕಟ್ಟಿದೆ. ಬಿಸಿಲು ತಾಗದಿರಲೆಂದು ಮೇಲೊಂದು ಹಳೇ ಬಟ್ಟೆ. ಹೀಗೆ ಮೂರು ಕೊಂಬೆಗೆ ಕಟ್ಟಿದೆ.

ಅತ್ತೆಯವರು ಕಲ್ಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. "ನಮ್ಮಪ್ಪ ಜೇಡಿಮಣ್ಣು, ಸಗಣಿ ಕಲಸಿ ಮೆತ್ತಿ ಗೋಣಿ ಸುತ್ತೋರು. ಮೇಲೊಂದು ಮಡಕೆ ತೂಗುಹಾಕಿ, ತಳಕ್ಕೆ ತೂತು ಮಾಡಿ ಬತ್ತಿ ಇಟ್ಟರೆ ತೊಟ್ಟು ತೊಟ್ಟಾಗಿ ನೀರು ಇಳೀತಿತ್ತು" ಎಂದರು. ಇಷ್ಟು ವರ್ಷದಲ್ಲಿ ಅವರ ತವರಿನ ಈ ಸುದ್ದಿ ನಾನು ಕೇಳಿದ್ದು ಅದೇ ಮೊದಲು. ಪ್ಲಾಸ್ಟಿಕ್ ಬಂದ ಮೇಲೆ ಮಡಕೆಯ ಕೆಲಸ ತಪ್ಪಿತು. ತೇವ ಒಳಗೇ ನಿಲ್ಲುತ್ತದೆ.

"ತೊಗಟೆ ಕೆತ್ತಿದರೆ ಕೊಂಬೆ ಒಣಗೋದಿಲ್ವೇ?" ಎಂದೂ ಕೇಳಿದರು. ಹೈಸ್ಕೂಲಿನ ವಿಜ್ಞಾನ ಅಲ್ಲಿ ಉಪಯೋಗಕ್ಕೆ ಬಂತು. ಬೇರಿನಿಂದ ನೀರು ಮೇಲೇರುವುದು ಒಳಗಿನ ಕಟ್ಟಿಗೆಯಲ್ಲಿ. ಅದನ್ನು ನಾವು ಮುಟ್ಟಿಲ್ಲ. ಎಲೆ ತಯಾರಿಸಿದ ಆಹಾರ ಕೆಳಗಿಳಿಯುವುದು ತೊಗಟೆಯಲ್ಲಿ. ಆ ದಾರಿ ಕಡಿದಿದೆ. ಹಾಗಾಗಿ ಆಹಾರ ಬಳೆಯ ಮೇಲಂಚಿನಲ್ಲೇ ನಿಂತು, ತೇವವೂ ಕತ್ತಲೂ ಸಿಕ್ಕಿದ ಕಡೆ ಬೇರಾಗಿ ಹೊರಡುತ್ತದೆ. ಅಲ್ಲಿಯವರೆಗೂ ತಾಯಿಗಿಡವೇ ನೀರು ಕುಡಿಸುತ್ತಿರುತ್ತದೆ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸುರಿ ಹೆಂಗಸಿನ ಹಾಗೆ ಅನ್ನು" ಎಂದರು.

ಒಂದನ್ನು ಅಳಿಲು ಹರಿದುಹಾಕಿತು. ಉಳಿದೆರಡನ್ನು ಅತ್ತೆಯವರು ದಿನಾ ಬೆಳಿಗ್ಗೆ ಬಟ್ಟೆ ಸರಿಸಿ ನೋಡಿ ಮತ್ತೆ ಮುಚ್ಚುತ್ತಿದ್ದರು. ಸುಮಾರು 40 ದಿನಕ್ಕೆ ಫೋನು ಬಂತು: "ಬಂತು ಕಣೇ! ಬಿಳೀ ನೂಲಿನ ಹಾಗೆ ಕಾಣ್ತಾ ಇದೆ!" ಬಿಳಿ ಬೇರು ಕಂಡ ತಕ್ಷಣ ಕತ್ತರಿಸಬಾರದು. ಅದು ಉಂಡೆಯ ತುಂಬ ಹೆಣೆದುಕೊಂಡು ಕೊಂಚ ಕಂದು ಬಣ್ಣಕ್ಕೆ ತಿರುಗಬೇಕು. ದಾಳಿಂಬೆಗೆ 45ರಿಂದ 60 ದಿನ ಬೇಕು.

ಕತ್ತರಿಸುವುದನ್ನೂ ಒಂದೇ ಏಟಿಗೆ ಮಾಡದಿದ್ದರೆ ಒಳ್ಳೆಯದು. ಉಂಡೆಯ ಕೆಳಗೆ ಮೊದಲು ಅರ್ಧ ಕೊಯ್ದು ಬಿಡಬೇಕು. ಎಂಟು ಹತ್ತು ದಿನ ಕೊಂಬೆ ತನ್ನ ಬೇರಿನಿಂದಲೂ ಕುಡಿದು, ತಾಯಿಯಿಂದಲೂ ಕುಡಿದು ರೂಢಿಯಾದ ಮೇಲೆ ಪೂರ್ತಿ ಕತ್ತರಿಸಬೇಕು. ಗೌರಿ ಹಬ್ಬದ ಮುನ್ನಾದಿನ ಅರ್ಧ ಕೊಯ್ದೆವು. ಅತ್ತೆಯವರಿಗೆ, "ಹಬ್ಬಕ್ಕೆ ಹತ್ತು ದಿನ ಬನ್ನಿ. ಆಮೇಲೆ ವಾಪಸು ಬಂದು ನೀವೇ ಕತ್ತರಿಸಿ" ಎಂದೆ. ಬಂದರು. ಹೇಳಿದ ಹಾಗೇ ವಾಪಸು ಕರೆದುಕೊಂಡು ಹೋದೆ. ಒಂದು ಸಲ ಹೊರಟರೆ ಮತ್ತೆ ಮನೆ ಕಾಣಲಾರೆ ಎಂದು ಅವರು ಹೆದರಿದ್ದರು ಎಂಬುದು ಆ ದಾರಿಯಲ್ಲಿ ಅವರ ಮಾತಿನಿಂದಲೇ ತಿಳಿಯಿತು.

ಒಂದು ಗೂಟಿಯನ್ನು ಕೊಂಡುಕೊಂಡ ಮನೆಯವರ ಸೊಸೆ ಬೇಡಿ ತೆಗೆದುಕೊಂಡಳು. ನಿವೇಶನದ ಮೂಲೆಯಲ್ಲಿ ನೆಟ್ಟು ಕೋಲು ಊರಿದ್ದಾಳೆ. ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಗಾಳಿಗೆ ವಾಲದಂತೆ ಆಸರೆ ಬೇಕು. ಇನ್ನೊಂದು ನಮ್ಮ ಜೊತೆ ಬಂತು.

ಕಷ್ಟದ ದಿನಗಳು ಆಮೇಲಿನವು. ಕತ್ತರಿಸಿದ ಗೂಟಿಯ ಪ್ಲಾಸ್ಟಿಕ್ ಬಿಚ್ಚಿ, ಉಂಡೆ ಒಡೆಯದಂತೆ ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ತುಂಬಿದ ಸಾಧಾರಣ ಕುಂಡದಲ್ಲಿ ನೆಡಬೇಕು. ಎಳೇ ಬೇರಿಗೆ ಅಷ್ಟೊಂದು ಎಲೆಗೆ ನೀರು ಒದಗಿಸುವ ಶಕ್ತಿ ಇರುವುದಿಲ್ಲ. ಆದ್ದರಿಂದ ಅರ್ಧದಷ್ಟು ಎಲೆ ಸವರಿ, ನಾಲ್ಕಾರು ವಾರ ನೆರಳಲ್ಲಿಡಬೇಕು. ಗೊಬ್ಬರ ಹಾಕುವ ಆತುರ ಬೇಡ. ಬೇರು ಹಿಡಿಯಿತೇ ಎಂದು ಎಳೆದು ನೋಡುವುದಂತೂ ಕೂಡದು.

ಅತ್ತೆಯವರೂ ಆ ಒಂದೂವರೆ ತಿಂಗಳು ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಯಜಮಾನರು ದಿನಾ ಸಂಜೆ ಬಂದವರೇ, "ಹೊಂದಿಕೊಂಡೆಯೇನಮ್ಮಾ?" ಎಂದು ಕೇಳುವರು. ನೆಂಟರು ಸಾಲಾಗಿ ನೋಡಲು ಬರುವರು. ಒಂದು ರಾತ್ರಿ ನಾನು ನಮ್ಮವರಿಗೆ ಹೇಳಿದೆ: "ಕೇಳಬೇಡಿ. ಸ್ವಲ್ಪ ದಿನ ಯಾರೂ ಬರೋದೂ ಬೇಡ. ಅವರ ಮೂಲೆ, ಅವರ ಚಾಪೆ, ಅವರ ಹಳೇ ತಂಬಿಗೆ ಇರಲಿ. ಬೇಕಾದಾಗ ಅವರೇ ಮಾತಾಡ್ತಾರೆ." ಅವರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ತಾರಸಿಯ ಗಿಡ ನೋಡಿ ಸುಮ್ಮನಾದರು. ಗಿಡದ ಉಳಿದ ಎಲೆಗಳೂ ಆಗ ಹಳದಿಯಾಗಿ ಉದುರುತ್ತಿದ್ದವು. ನನಗೂ ಒಳಗೊಳಗೇ ದಿಗಿಲು.

ಕಾರ್ತಿಕ ಮಾಸದಲ್ಲಿ ಕಡ್ಡಿಯ ತುದಿಯಲ್ಲಿ ಕೆಂಪಗೆ ಚಿಗುರೊಡೆಯಿತು. ಮೊದಲು ಕಂಡವರು ಅತ್ತೆಯವರೇ. ಅಂದು ಮೆಟ್ಟಿಲಿಳಿದು ಬಂದು, "ಹೊಟ್ಟೆ ಹಸೀತಿದೆ, ಏನಿದೆ?" ಎಂದರು.

ಒಂದು ವರ್ಷ ಸಾಧಾರಣ ಕುಂಡದಲ್ಲೇ ಬಿಟ್ಟು, ಆಮೇಲೆ ಬೇರು ಸವರಿ ಅಗಲದ ಕುಂಡಕ್ಕೆ ಬದಲಾಯಿಸಿದೆ. "ಮರಾನ ಕುಳ್ಳು ಮಾಡೋದು ಪಾಪ ಅಲ್ವೇನೇ?" ಎಂದು ಅತ್ತೆಯವರು ತಕರಾರು ತೆಗೆದರು. "ಇರೋ ಜಾಗಕ್ಕೆ ತಕ್ಕ ಹಾಗೆ ಇರಲಿ ಅತ್ತೆ. ನೀರು, ಬಿಸಿಲು, ಹೊಸ ಮಣ್ಣು ತಪ್ಪಿಸದಿದ್ದರೆ ಅದಕ್ಕೇನೂ ನೋವಿಲ್ಲ" ಎಂದೆ. ಪೂರ್ತಿ ಒಪ್ಪಿಲ್ಲ ಅವರು. ತಂತಿ ಸುತ್ತಲು ಬಿಟ್ಟೇ ಇಲ್ಲ. ಹಾಗಾಗಿ ನಮ್ಮದು ಪ್ರದರ್ಶನಕ್ಕೆ ಇಡುವಂಥ ಬೋನ್ಸಾಯ್ ಆಗಲಿಲ್ಲ, ಮೊಳಕ್ಕಿಂತ ತುಸು ಎತ್ತರದ ಗಿಡ. ಎಲೆ ಚಿಕ್ಕದಾಗಿದೆ, ಆದರೆ ಹೂ ಮಾತ್ರ ಹಳ್ಳಿಯ ಗಿಡದಷ್ಟೇ ದೊಡ್ಡದು, ಅದೇ ಕೆಂಪು. ಗಿಡ ಚಿಕ್ಕದಾದರೂ ಹೂ ಹಣ್ಣು ಚಿಕ್ಕದಾಗುವುದಿಲ್ಲ. ಕಾಯಿ ಒಂದೋ ಎರಡೋ ಬಿಟ್ಟು ಉಳಿದದ್ದು ಚಿವುಟಬೇಕು, ಇಲ್ಲದಿದ್ದರೆ ಗಿಡ ಬಸವಳಿಯುತ್ತದೆ.

ಮನೆಯಲ್ಲಿ ಹಿರಿಯರನ್ನು ಕರೆತರಬೇಕಾದ ಸೋದರಿಯರಿಗೆ ನಾನು ಹೇಳುವುದಿಷ್ಟೇ. ಆಗುವುದಾದರೆ ಅರ್ಧ ಅಲ್ಲಿ ಅರ್ಧ ಇಲ್ಲಿ ಸ್ವಲ್ಪ ದಿನ ಇರಲಿ. ಅವರ ಕೈಯಲ್ಲಿ ಬೆಳೆದದ್ದು ಒಂದಾದರೂ ಜೊತೆಗೆ ಬರಲಿ. ಬಂದ ಮೇಲೆ ನೆರಳು ಕೊಟ್ಟು ಸುಮ್ಮನಿರಿ. ಎಲ್ಲರ ಮನೆಯಲ್ಲೂ ಇದಕ್ಕೆ ಅವಕಾಶ ಸಿಗುವುದಿಲ್ಲ ಎಂದು ಬಲ್ಲೆ. ನಮಗೆ ದೀಪಾವಳಿಯ ತನಕ ಗಡುವು ಸಿಕ್ಕಿದ್ದು ಪುಣ್ಯ.

ಈಗ ಮಳೆ ಬಿದ್ದರೆ ನಮ್ಮ ಬೀದಿಯ ಹೆಣ್ಣುಮಕ್ಕಳು ಗೂಟಿ ಕಲಿಯಲು ನಮ್ಮ ಮನೆಗೆ ಬರುತ್ತಾರೆ. ಅತ್ತೆಯವರ ಕೈಗೆ ಚೂರಿ ಹಿಡಿಯುವ ಬಲವಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತು ಅಪ್ಪಣೆ ಕೊಡುತ್ತಾರೆ. ಹೋದ ಮಳೆಗಾಲದಲ್ಲಿ ನನ್ನ ಮೈದುನ ಬಂದು, "ಅಮ್ಮ, ನಾಲ್ಕು ದಿನ ನಮ್ಮನೆಗೆ ಬಾ" ಎಂದು ಕರೆದ. "ಈ ವಾರ ಆಗೋದಿಲ್ಲಪ್ಪ. ಮೂಲೆಮನೆಯವರ ಸೀಬೆಗೆ ಕಟ್ಟೋದಿದೆ" ಎಂದರು.