ಸೀಳುನಾಯಿಯ ಸಂಸಾರ

ಬೆಳಗಾವಿಯ ಪೇಟೆಯಲ್ಲಿ ಮಕ್ಕಳ ಹಟಕ್ಕೆ ಕುಂದಾ ಕಟ್ಟಿಸಿಕೊಂಡು ಹೊರಟ ನಮ್ಮ ಸವಾರಿ ಖಾನಾಪುರವನ್ನು ಮುಟ್ಟಿದಾಗ ಇನ್ನೂ ಮುಂಜಾವಿನ ತಂಪಿತ್ತು. ಮಲಪ್ರಭೆಯ ದಡದ ಆ ಊರಿನಿಂದ ಹೆಮ್ಮಡಗೆಯ ದಾರಿ ಹಿಡಿದರೆ ಗದ್ದೆಬಯಲುಗಳು ಮೆಲ್ಲಮೆಲ್ಲನೆ ಹಿಂದುಳಿದು, ಕಾಡು ಎರಡೂ ಕಡೆಯಿಂದ ಒತ್ತಿ ಬರುತ್ತದೆ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡದ ಸೀಮೆ ಇದು. ಸುಮಾರು 190 ಚದರ ಕಿಲೋಮೀಟರುಗಳ ವಿಸ್ತಾರ.

ಫಾಲ್ಗುಣದ ದಿನಗಳು. ತೊರೆಯೊಂದರ ಬಳಿ ನಡೆಯುತ್ತಿದ್ದಾಗ ಯಾರೋ ಸಿಳ್ಳೆ ಹಾಕಿದಂತಾಯಿತು. ದನಗಾಹಿಯಿರಬೇಕೆಂದು ನಾನು ಭಾವಿಸಿದೆ. ಜೊತೆಗಿದ್ದ ಅರಣ್ಯ ಕಾವಲುಗಾರನು ತುಟಿಯ ಮೇಲೆ ಬೆರಳಿಟ್ಟನು. ಚದುರಿದ ಸೀಳುನಾಯಿಗಳು ಒಂದನ್ನೊಂದು ಕರೆಯುವ ದನಿಯಂತೆ ಅದು! ಸ್ವಲ್ಪ ಹೊತ್ತಿಗೆ ಪೊದೆಗಳ ನಡುವಿನಿಂದ ಕೆಂಗಂದು ಮೈ, ಕಪ್ಪು ಕುಚ್ಚಿನ ಬಾಲದ ಏಳು ಪ್ರಾಣಿಗಳು ಸಾಲಾಗಿ ದಾಟಿಹೋದವು.

ಇವುಗಳ ಮನೆವಾರ್ತೆ ನಮ್ಮ ಅವಿಭಕ್ತ ಕುಟುಂಬಗಳನ್ನೂ ನಾಚಿಸುವಂಥದು. 1970ರ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಎಂಬ ವಿಜ್ಞಾನಿಗಳು ನಮ್ಮ ಬಂಡೀಪುರದಲ್ಲಿ ಈ ನಾಯಿಗಳ ಬೆನ್ನು ಹತ್ತಿ ಅಭ್ಯಸಿಸಿದರು. ಗುಂಪಿನಲ್ಲಿ ಸಾಮಾನ್ಯವಾಗಿ ಒಬ್ಬಳೇ ಬಾಣಂತಿ. ಉಳಿದವರು ಬೇಟೆಯಾಡಿ, ಹೊಟ್ಟೆಯಲ್ಲಿ ಮಾಂಸವನ್ನು ಹೊತ್ತು ತಂದು, ತಾಯಿಗೂ ಮರಿಗಳಿಗೂ ಕಕ್ಕಿ ಉಣಿಸುತ್ತಾರೆ. ಎಂಟು-ಹತ್ತು ಮರಿಗಳ ಸೂಲು ಒಂಟಿ ತಾಯಿಯ ಕೈಯಲ್ಲಿ ಸಾಗುವ ಸಂಸಾರವೇ? ಗುಹೆಯ ಬಾಗಿಲಿಗೆ ಒಬ್ಬ ಕಾವಲು ನಿಂತರೆ ಬೇಟೆಗೆ ಒಂದು ಆಳು ಕಡಿಮೆ. ಗುಂಪು ಚಿಕ್ಕದಾದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ. ಆಫ್ರಿಕದ ಕಾಡುನಾಯಿಗಳಲ್ಲಿಯೂ ಇದೇ ಪೇಚನ್ನು ಕಂಡಿದ್ದಾರೆ. ಆದುದರಿಂದ ಒಂದು ನಾಯಿ ಸತ್ತಿತೆಂದರೆ ನಷ್ಟ ಅದೊಂದಕ್ಕೇ ನಿಲ್ಲುವುದಿಲ್ಲ.

ಎಲ್ಲ ಗುಂಪುಜೀವಿಗಳೂ ಹೀಗೆಯೇ ಎನ್ನುವಂತಿಲ್ಲ. ಇದೇ ಕಾಡಿನ ಬಾರಾಪೇಡೆ ಗುಹೆಯ ಬಾವಲಿ, 1913ರಲ್ಲಿ ರಾಟನ್ ಎಂಬವರ ಹೆಸರನ್ನು ಪಡೆದು, ಬಹುಕಾಲ ಜಗತ್ತಿನಲ್ಲಿ ಬೇರೆಲ್ಲೂ ಕಾಣದೆ ಪ್ರಸಿದ್ಧವಾಯಿತು. ಬಾವಲಿಗಳು ಒಂದೇ ಸೂರಿನಡಿ ಒತ್ತಾಗಿ ನೇತಾಡಿದರೂ ಸಾಮಾನ್ಯವಾಗಿ ತಂತಮ್ಮ ಮರಿಗೆ ತಾವೇ ಹಾಲೂಡುತ್ತವೆ. ಅದು ಚಾಳು, ಇದು ಒಟ್ಟು ಒಲೆಯ ಮನೆ.

ಈ ಒಟ್ಟು ಮನೆಯನ್ನು ಮುರಿಯಲು ಬ್ರಿಟಿಷರ ಕಾಲದ ಆಳ್ವಿಕೆಯು ಇನಾಮು ಕೊಡುತ್ತಿತ್ತು! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆ ಕೊಲೆಗೆ ತಡೆಯೊಡ್ಡಿತು. ಈಗಿನ ಭಯ ಬೇರೆ: ತುಂಡಾಗುತ್ತಿರುವ ಕಾಡು, ರಸ್ತೆಯ ವಾಹನಗಳು, ಊರನಾಯಿಗಳು ತರುವ ಡಿಸ್ಟೆಂಪರ್ ಮತ್ತು ಹುಚ್ಚುರೋಗ. ಇಡೀ ಜಗತ್ತಿನಲ್ಲಿ ಪ್ರಾಯಕ್ಕೆ ಬಂದ ಸೀಳುನಾಯಿಗಳು 2,500ಕ್ಕಿಂತ ಕಡಿಮೆಯೆಂದು ತಜ್ಞರ ಅಂದಾಜು.

"ಹೋದ ವರ್ಷ ಈ ಗುಂಪಿನಲ್ಲಿ ಇನ್ನೂ ಹೆಚ್ಚಿದ್ದವು," ಎಂದನು ಕಾವಲುಗಾರ. ಏಳರಲ್ಲಿ ಮರಿಯೊಂದೂ ಇರಲಿಲ್ಲವೆಂಬುದು ಆಗ ನನ್ನ ಗಮನಕ್ಕೆ ಬಂದಿತು. ಆತನು ತೊರೆಯ ಕೆಸರಿನ ಮೇಲೆ ಬಾಗಿ ಬಹಳ ಹೊತ್ತು ಹುಡುಕಿದನು. ಕೊನೆಗೆ, ದೊಡ್ಡ ಹೆಜ್ಜೆಗಳ ಪಕ್ಕದಲ್ಲಿ, ನನ್ನ ಹೆಬ್ಬೆರಳಿನಷ್ಟೇ ಅಗಲದ ಮೂರು ನಾಲ್ಕು ಗುರುತುಗಳನ್ನು ತೋರಿಸಿದನು.