ಅಂಗೈಯಲ್ಲಿ ಕುಣಿದ ಗೊಂಬೆ

ನಾಟಕ ನೋಡಿ ಮನೆಗೆ ಹಿಂದಿರುಗುವವರ ಮಾತು ಒಮ್ಮೊಮ್ಮೆ ನಾಟಕಕ್ಕಿಂತ ಸ್ವಾರಸ್ಯವಾಗಿರುವುದುಂಟು. ಪಾತ್ರವನ್ನು ಹೊಗಳಲು ಹೊರಟವರು ಪಾತ್ರಧಾರಿಯನ್ನು ಹೊಗಳುತ್ತಾರೆ. ಪಾತ್ರಧಾರಿಯನ್ನು ಹಳಿಯಲು ಹೊರಟವರು ತಮ್ಮ ಆಸೆ ಕೈಗೂಡದುದನ್ನು ಹೇಳಿಕೊಳ್ಳುತ್ತಾರೆ. ಅಭಿಪ್ರಾಯವೆಂಬುದರಲ್ಲಿ ಕೃತಿಯ ವಿಷಯವೆಷ್ಟು, ಪ್ರೇಕ್ಷಕನ ವಿಷಯವೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ. ಈ ತೊಡಕನ್ನೇ ಕಥಾವಸ್ತುವನ್ನಾಗಿ ಮಾಡಿಕೊಂಡು, ಕೊನೆಗೆ ತಾನೂ ಅದೇ ತೊಡಕಿಗೆ ಸಿಕ್ಕಿದ ಚಲಚ್ಚಿತ್ರವೊಂದು ಜಪಾನಿನಲ್ಲಿ ಹುಟ್ಟಿತು. ಅದರ ಹೆಸರು ‘ಪರ್ಫೆಕ್ಟ್ ಬ್ಲೂ’.

ಇದು ನಟರನ್ನು ನಿಲ್ಲಿಸಿ ತೆಗೆದ ಚಿತ್ರವಲ್ಲ. ಕೈಯಿಂದ ಬರೆದ ಚಿತ್ರಗಳಿಗೆ ಚಲನೆಯನ್ನು ಕೊಟ್ಟು ರಚಿಸಿದುದು. ಸಟೋಷಿ ಕೋನ್ ಅವರು ನಿರ್ದೇಶಿಸಿದ ಮೊದಲ ಪೂರ್ಣ ಚಿತ್ರವಿದು. ಆಧಾರ ಯೋಷಿಕಾಜು ತಾಕೆಯುಚಿ ಅವರ ಕಾದಂಬರಿ. ಚಿತ್ರಕಥೆ ಸದಾಯುಕಿ ಮುರಾಯಿ ಅವರದು. ಮನೆಗಳಲ್ಲಿ ವೀಡಿಯೋ ಮೂಲಕ ನೋಡುವುದಕ್ಕೆಂದು ಮೊದಲಾದ ಈ ಕಿರು ಪ್ರಯತ್ನವು 1997ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಫ್ಯಾಂಟೇಸಿಯಾ ಉತ್ಸವದಲ್ಲಿ ಪ್ರಥಮ ಪ್ರದರ್ಶನವನ್ನು ಕಂಡಿತು. 1998ರಲ್ಲಿ ತನ್ನ ನಾಡಿನ ಚಿತ್ರಮಂದಿರಗಳಿಗೆ ಬಂದಿತು. ಹೊರನಾಡಿನ ಮೆಚ್ಚಿಗೆ ತಾಯ್ನಾಡಿನ ತೆರೆಗಿಂತ ಮುಂಚೆ ದೊರೆತುದು ಇದರ ಭಾಗ್ಯ.

ಕಥಾನಾಯಿಕೆ ಮಿಮಾ ಮೂವರು ಹುಡುಗಿಯರ ಹಾಡುವ ತಂಡವೊಂದರಲ್ಲಿ ಒಬ್ಬಳು. ಇಂತಹವರನ್ನು ಜಪಾನಿನಲ್ಲಿ ‘ಐಡಲ್’ ಎಂದು ಕರೆಯುವರು; ಆ ಆಂಗ್ಲ ಶಬ್ದದ ಅರ್ಥ ವಿಗ್ರಹ. ಹೆಸರು ಸುಮ್ಮನೆ ಬಂದುದಲ್ಲ. ವಿಗ್ರಹವನ್ನು ಅಲಂಕರಿಸಬಹುದು, ಉತ್ಸವ ಮಾಡಬಹುದು. ಅದು ತಾನಾಗಿ ಎದ್ದು ಬೇರೆ ಬೀದಿಗೆ ನಡೆದರೆ ಮಾತ್ರ ಭಕ್ತನು ಸಹಿಸಲಾರನು. ಮಿಮಾ ಮಾಡಿದುದು ಅದನ್ನೇ. ಹಾಡನ್ನು ಬಿಟ್ಟು ನಟಿಯಾಗಲು ಹೊರಟಳು. ಆಕೆಯ ಕೊನೆಯ ಕಚೇರಿಯ ದಿನ ಅಭಿಮಾನಿಯೊಬ್ಬನು ದೂರದಿಂದ ತನ್ನ ಅಂಗೈಯನ್ನು ಕಣ್ಣಿನ ಮುಂದೆ ಚಾಚಿ ಹಿಡಿಯುತ್ತಾನೆ. ಅವನ ದೃಷ್ಟಿಗೆ ಆಕೆ ಆ ಅಂಗೈಯ ಮೇಲೆ ಕುಣಿಯುವ ಗೊಂಬೆಯಂತೆ ಕಾಣುತ್ತಾಳೆ. ಚಿತ್ರದ ಅರ್ಥವೆಲ್ಲವೂ ಆ ಒಂದು ಅಂಗೈಯಲ್ಲಿದೆ.

ಮುಂದೆ ಆಕೆಯ ಹೆಸರಿನಲ್ಲಿ ಅಂತರ್ಜಾಲದಲ್ಲಿ ದಿನಚರಿಯೊಂದು ಕಾಣಿಸಿಕೊಳ್ಳುತ್ತದೆ. ಬರೆದವಳು ಆಕೆಯಲ್ಲ, ಆದರೂ ರೈಲಿನಿಂದ ಇಳಿಯುವಾಗ ಮೊದಲು ಯಾವ ಕಾಲನ್ನಿಟ್ಟಳೆಂಬುದು ಕೂಡ ಅದರಲ್ಲಿದೆ. ಮೊದಲು ನಕ್ಕವಳು ಆಮೇಲೆ ನಡುಗುತ್ತಾಳೆ. ಆಕೆಯ ಹೊಸ ಬಾಳಿಗೆ ಕಾರಣರಾದವರು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಕೊಂದವರು ಯಾರೆಂಬುದನ್ನು ಇಲ್ಲಿ ಹೇಳುವುದು ಉಚಿತವಲ್ಲ.

ಚಿತ್ರವು 1999ರಲ್ಲಿ ಅಮೆರಿಕೆಗೆ ಬಂದಾಗ ವಿಮರ್ಶಕರಲ್ಲಿ ಮೆಚ್ಚಿದವರು ಅನೇಕರು. ಆದರೆ ಮೆಚ್ಚಿದ ರೀತಿಯನ್ನು ಗಮನಿಸಬೇಕು. ಹಿಚ್‌ಕಾಕನೂ ವಾಲ್ಟ್ ಡಿಸ್ನಿಯೂ ಜೊತೆಗೂಡಿದ್ದರೆ ಇಂತಹುದೊಂದು ಹುಟ್ಟುತ್ತಿತ್ತೆಂಬ ಅರ್ಥದಲ್ಲಿ ಚಿತ್ರನಿರ್ಮಾಪಕ ರೋಜರ್ ಕಾರ್ಮನ್ ಕೊಂಡಾಡಿದರು. ಇನ್ನು ಕೆಲವರು ಇಟಲಿಯ ಭಯಾನಕ ಚಿತ್ರಗಳನ್ನು ನೆನೆದರು. ಹೊಸಬನನ್ನು ಹಳಬರ ಹೆಸರಿನಿಂದಲೇ ಕರೆಯುವುದು ಆದರವೂ ಹೌದು, ತಮ್ಮ ಅಂಗೈಯೊಳಗೆ ಹಿಡಿಯುವ ಉಪಾಯವೂ ಹೌದು. ಕೋನ್ ಅವರು ಮಾತ್ರ ತಮಗೆ ದಾರಿ ತೋರಿಸಿದುದು ಜಾರ್ಜ್ ರಾಯ್ ಹಿಲ್ ಅವರ 1972ರ ‘ಸ್ಲಾಟರ್‌ಹೌಸ್ ಫೈವ್’ ಎಂಬ ಬೇರೊಂದು ಚಿತ್ರವೆನ್ನುತ್ತಿದ್ದರು.

ಮತ್ತೆ ಕೆಲವರು ಬೇರೊಂದು ಆಕ್ಷೇಪವನ್ನೆತ್ತಿದರು: ನಟರಿಂದಲೇ ಆಡಿಸಬಹುದಾದ ಕಥೆಯನ್ನು ಬರೆದು ತೋರಿಸುವುದೇಕೆ? ಪ್ರಶ್ನೆ ನ್ಯಾಯವಾದುದೇ. ಉತ್ತರವು ಚಿತ್ರದೊಳಗಿದೆ. ಬದುಕಿರುವ ಮಿಮಾ, ಧಾರಾವಾಹಿಯಲ್ಲಿ ಪಾತ್ರವಾದ ಮಿಮಾ, ದೀಪದ ಕಂಬದಿಂದ ಕಂಬಕ್ಕೆ ಹಗುರವಾಗಿ ನೆಗೆಯುವ ಹಳೆಯ ಗಾಯಕಿಯ ಛಾಯೆ, ಈ ಮೂವರೂ ಒಂದೇ ಗೆರೆಯಿಂದ, ಒಂದೇ ಬಣ್ಣದಿಂದ ಆದವರು. ನಟಿಯೊಬ್ಬಳು ನಿಂತಿದ್ದರೆ ನಮ್ಮ ಕಣ್ಣು ಮಾಂಸವನ್ನು ನಂಬಿ ಛಾಯೆಯನ್ನು ಶಂಕಿಸುತ್ತಿತ್ತು. ಬರೆದ ಚಿತ್ರದಲ್ಲಿ ಸತ್ಯಕ್ಕೂ ಸ್ವಪ್ನಕ್ಕೂ ಸಮಾನವಾದ ಹಕ್ಕು. ಆದುದರಿಂದಲೇ ಮಿಮಾಳ ದಿಗ್ಭ್ರಮೆ ಪ್ರೇಕ್ಷಕನ ದಿಗ್ಭ್ರಮೆಯೂ ಆಗುತ್ತದೆ.

ಎಲ್ಲಕ್ಕಿಂತ ಗಹನವಾದ ವಾದವು ಒಂದು ದೃಶ್ಯವನ್ನು ಕುರಿತದ್ದು. ಧಾರಾವಾಹಿಗಾಗಿ ಮಿಮಾ ಮಾನಭಂಗಕ್ಕೊಳಗಾಗುವ ಹೆಣ್ಣಿನ ಪಾತ್ರವನ್ನು ವಹಿಸಬೇಕಾಗುತ್ತದೆ. ಚಿತ್ರೀಕರಣವು ನಡುವೆ ನಿಂತಾಗ ಎದುರಿನ ನಟನು ಮೆಲ್ಲಗೆ ಕ್ಷಮೆ ಬೇಡುತ್ತಾನೆ. ಮತ್ತೆ ಅಪ್ಪಣೆಯಾದೊಡನೆ ಅದೇ ಕ್ರೌರ್ಯ ಮುಂದುವರಿಯುತ್ತದೆ. ಹೆಣ್ಣನ್ನು ನೋಟದ ಸರಕಾಗಿಸುವ ವ್ಯಾಪಾರವನ್ನು ಚಿತ್ರವು ಬಯಲಿಗೆಳೆಯಿತೆಂದು ಒಂದು ಪಕ್ಷ. ಬಯಲಿಗೆಳೆಯುವ ನೆಪದಲ್ಲಿ ತಾನೂ ಅದೇ ವ್ಯಾಪಾರವನ್ನು ಮಾಡಿತೆಂದು ಇನ್ನೊಂದು ಪಕ್ಷ. ಜಪಾನೀ ಚಿತ್ರಗಳನ್ನು ಅಭ್ಯಾಸ ಮಾಡಿದ ಸೂಸನ್ ನೇಪಿಯರ್ ಅವರು ಕೋನ್ ಅವರ ಕೃತಿಗಳಲ್ಲಿ ‘ನೋಟ’ವೇ ಮುಖ್ಯವಾದ ಸಮಸ್ಯೆಯೆಂಬುದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಎರಡನೆಯ ಪಕ್ಷದವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಎಷ್ಟು ಬರೆಯಬೇಕೆಂಬುದು ಬರೆಯುವವನ ಕೈಯಲ್ಲಿತ್ತು. ಆದರೆ ಆ ದೃಶ್ಯದಿಂದ ನೆಮ್ಮದಿಯಾಗಿ ಎದ್ದು ಬರುವ ದಾರಿಯನ್ನು ಚಿತ್ರವು ಯಾರಿಗೂ ಬಿಟ್ಟಿಲ್ಲವೆಂಬುದೂ ನಿಜ. ಮಕ್ಕಳೊಡನೆ ಕುಳಿತು ನೋಡತಕ್ಕ ಚಿತ್ರವಿದಲ್ಲ; ಬ್ರಿಟನ್ನಿನಲ್ಲಿ 18 ವರ್ಷ ತುಂಬಿದವರಿಗೆ ಮಾತ್ರವೆಂದು ಅದಕ್ಕೆ ಕಟ್ಟು ಹಾಕಿದರು.

ಕಾಲವು ಕಳೆದಂತೆ ಕೀರ್ತಿ ಬೆಳೆಯಿತು. ಅಮೆರಿಕೆಯ ಡ್ಯಾರೆನ್ ಅರೊನೊಫ್‌ಸ್ಕಿ ಅವರ 2010ರ ‘ಬ್ಲ್ಯಾಕ್ ಸ್ವಾನ್’ ಬಂದಾಗ ಎರಡು ಚಿತ್ರಗಳ ಹೋಲಿಕೆಯನ್ನು ಹಲವರು ಎತ್ತಿ ತೋರಿಸಿದರು. ಅವರು ಸಾಮ್ಯವನ್ನು ಒಪ್ಪಿ ಪ್ರಭಾವವನ್ನು ಒಪ್ಪಲಿಲ್ಲ. ಆ ಚರ್ಚೆಯನ್ನು ಕೇಳಲು ಕೋನ್ ಇರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ, 46ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು. ಇಂದು ಅವರನ್ನು ಕೊಂಡಾಡುವ ಅಭಿಮಾನಿಗಳೂ ಅವರ ಚಿತ್ರವನ್ನು ತಮ್ಮದೆಂದೇ ಭಾವಿಸುತ್ತಾರೆ. ಪ್ರೀತಿಯ ಸ್ವಭಾವವೇ ಹಾಗೆ. ಕೈ ಜೋಡಿಸಲು ಹೊರಟುದು ಅರಿವಿಲ್ಲದೆ ಹಿಡಿಯಲು ಚಾಚುತ್ತದೆ.

ಧಾರಾವಾಹಿಯಲ್ಲಿ ಮಿಮಾಳಿಗೆ ಮೊದಲು ದೊರೆತುದು ಒಂದೇ ಮಾತು. ಎದುರಿರುವವರನ್ನು ನೀವು ಯಾರೆಂದು ಕೇಳುವ ಮಾತು ಅದು. ಆಕೆ ಅದನ್ನು ಬಾಯಿಪಾಠ ಮಾಡುತ್ತಾ ಮತ್ತೆ ಮತ್ತೆ ಹೇಳಿಕೊಳ್ಳುತ್ತಾಳೆ. ಆ ಪ್ರಶ್ನೆ ಆಕೆಯನ್ನು ಕುರಿತದ್ದೆಂದು ವಿಮರ್ಶಕರು ಬಹಳವಾಗಿ ಬರೆದಿದ್ದಾರೆ. ಕತ್ತಲೆಯಲ್ಲಿ ಕುಳಿತು ನೋಡುತ್ತಿರುವವನನ್ನು ಕುರಿತದ್ದೆಂದು ತಿಳಿದವನಿಗೆ ಚಿತ್ರವು ಹೆಚ್ಚಾಗಿ ದಕ್ಕುವುದು.