ಕ್ಯಾಮೆರಾ ಯಾರ ಕೈಲಿ

ಸಾಕ್ಷ್ಯಚಿತ್ರ ಅಂದ ಕೂಡಲೇ ನನ್ನ ಆಫೀಸಿನ ಗೆಳೆಯರಿಗೆ ನೆನಪಾಗುವುದು ಎರಡೇ. ಒಂದು, ಸಿಂಹ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವ ಚಾನೆಲ್ಲು. ಇನ್ನೊಂದು, ಒಟಿಟಿಯಲ್ಲಿ ಬರುವ ಸರಣಿ ಕೊಲೆಗಾರರ ಕಥೆ. ನಮ್ಮ ಹಿಂದಿನ ತಲೆಮಾರಿಗಾದರೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಕಪ್ಪು-ಬಿಳುಪು ಚಿತ್ರ ನೆನಪಾಗುತ್ತದೆ. 1948ರಲ್ಲಿ ಸರ್ಕಾರ ಫಿಲ್ಮ್ಸ್ ಡಿವಿಷನ್ ಹುಟ್ಟುಹಾಕಿತು. ಅದರ ಚಿತ್ರ ತೋರಿಸದೆ ಟಾಕೀಸಿನವರು ರಾಜ್‌ಕುಮಾರ್ ಸಿನಿಮಾ ಹಾಕುವ ಹಾಗಿರಲಿಲ್ಲ. ಜನ ಅಷ್ಟು ಹೊತ್ತು ಹೊರಗೆ ಬೀಡಿ ಸೇದಿ, ಕಡಲೆಕಾಯಿ ಕೊಂಡು, ಟೈಟಲ್ ಕಾರ್ಡಿಗೆ ಸರಿಯಾಗಿ ಒಳಗೆ ಬರುತ್ತಿದ್ದರಂತೆ. ದೇಶದಲ್ಲಿ ಸಾಕ್ಷ್ಯಚಿತ್ರಕ್ಕೆ ಅಷ್ಟು ದೊಡ್ಡ ಪ್ರೇಕ್ಷಕ ವರ್ಗ ಇದ್ದದ್ದು ಆಗಲೇ, ಬಲವಂತದ ಪ್ರೇಕ್ಷಕರು ಅನ್ನಿ.

ಸರ್ಕಾರಕ್ಕೆ ಬೇಡವಾದದ್ದನ್ನು ತೆಗೆದವರ ಪಾಡು ಬೇರೆ. ಆನಂದ್ ಪಟವರ್ಧನ್ ಅವರ ‘ರಾಮ್ ಕೇ ನಾಮ್’ಗೆ ರಾಷ್ಟ್ರಪ್ರಶಸ್ತಿ ಬಂದಿತ್ತು, ಆದರೆ ದೂರದರ್ಶನದಲ್ಲಿ ಅದು ಬರಬೇಕಾದರೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು. ಮುಂಬೈ ಚಿತ್ರೋತ್ಸವದವರು ಭಾರತೀಯ ಸಾಕ್ಷ್ಯಚಿತ್ರಗಳಿಗೆ ಸೆನ್ಸಾರ್ ಸರ್ಟಿಫಿಕೇಟ್ ಕೇಳಲು ಹೊರಟಾಗ ನಿರ್ದೇಶಕರು ಸಿಟ್ಟಿಗೆದ್ದು, 2004ರಲ್ಲಿ ‘ವಿಕಲ್ಪ್’ ಅಂತ ತಮ್ಮದೇ ಪರ್ಯಾಯ ಉತ್ಸವ ಮಾಡಿದರು. ಅದರ ಬಿಸಿ ಬೆಂಗಳೂರಿಗೂ ತಟ್ಟಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶನಿವಾರ ಸಂಜೆ ಯಾವುದಾದರೊಂದು ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ, ಬಿಳಿ ಪಂಚೆಯಂಥ ಪರದೆ, ಕೈಕೊಡುವ ಪ್ರೊಜೆಕ್ಟರ್ ಇಟ್ಟು ಈ ಚಿತ್ರಗಳನ್ನು ತೋರಿಸುತ್ತಿದ್ದರು. ಪ್ರತಿಸಲ ಅದೇ ಮೂವತ್ತು ಮುಖ. ಮುಗಿದ ಮೇಲೆ ಸಂವಾದ, ಸಂವಾದದಲ್ಲಿ ಅದೇ ನಾಲ್ಕು ಜನರ ಮಾತು, ಆಮೇಲೆ ಚಹಾ. ಸ್ಲಂ ಬಗೆಗಿನ ಚಿತ್ರ ನೋಡಲು ಸ್ಲಂನವರು ಬಂದದ್ದನ್ನು ನಾನು ಕಂಡದ್ದು ಒಂದೇ ಸಲ.

2005ರಲ್ಲಿ ಯೂಟ್ಯೂಬ್ ಬಂತು. ಮುಂದಿನ ವರ್ಷವೇ ಗೂಗಲ್ 165 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಇಲ್ಲಿ ಅದು ನಿಜವಾಗಿ ಊರೂರಿಗೆ ತಲುಪಿದ್ದು 2016ರಲ್ಲಿ ಜಿಯೋ ಬಂದಮೇಲೆ. ಪಟವರ್ಧನ್ ಅವರ ಚಿತ್ರಗಳನ್ನು ಈಗ ಯಾರು ಬೇಕಾದರೂ ಬಸ್ಸಿನಲ್ಲಿ ಕೂತು ನೋಡಬಹುದು. ಬಾಗಿಲು ತೆಗೆಯಿತು ಅಂತ ನಾವೆಲ್ಲ ಖುಷಿಪಟ್ಟೆವು. ಆದರೆ ಕಾವಲುಗಾರ ಇಲ್ಲೂ ಇದ್ದ. ಸೆನ್ಸಾರ್ ಮಂಡಳಿಯೇ ‘ಯು’ ಕೊಟ್ಟು, ದೂರದರ್ಶನದಲ್ಲೇ ಬಂದಿದ್ದ ‘ರಾಮ್ ಕೇ ನಾಮ್’ಗೆ 2019ರಲ್ಲಿ ಯೂಟ್ಯೂಬು ‘ಹದಿನೆಂಟು ದಾಟಿದವರಿಗೆ ಮಾತ್ರ’ ಅಂತ ಚೀಟಿ ಅಂಟಿಸಿತು. 2023ರಲ್ಲಿ ಬಿಬಿಸಿಯ ಚಿತ್ರವೊಂದರ ತುಣುಕುಗಳನ್ನು ತೆಗೆಸಲು ಸರ್ಕಾರಕ್ಕೆ ಒಂದು ಆದೇಶ ಸಾಕಾಯಿತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ದೊಡ್ಡ ನಿರ್ದೇಶಕರಲ್ಲ, ಜಾಲಗಳು. ಗೋವಾದಲ್ಲಿ ನೆಲೆಯಿರುವ ‘ವಿಡಿಯೋ ವಾಲಂಟಿಯರ್ಸ್’ 2010ರಲ್ಲಿ ‘ಇಂಡಿಯಾ ಅನ್‌ಹರ್ಡ್’ ಶುರುಮಾಡಿತು. ನಾನಾ ರಾಜ್ಯಗಳಲ್ಲಿ ಆಯಾ ಊರಿನವರಿಗೇ ತರಬೇತಿ ಕೊಟ್ಟು, ಕೈಗೆ ಕ್ಯಾಮೆರಾ ಕೊಟ್ಟರು. ಕೂಲಿ ಬಂದಿಲ್ಲ, ಬಾವಿ ಹತ್ತಿರ ಸೇರಿಸುವುದಿಲ್ಲ, ಶಾಲೆಗೆ ಮೇಷ್ಟ್ರು ಬರುವುದಿಲ್ಲ, ಹೀಗೆ ಕೆಲವೇ ನಿಮಿಷದ ಚಿತ್ರ. ಅದರ ಕೊನೆ ನನಗೆ ಬಹಳ ಹಿಡಿಸಿತ್ತು. ಹಿನ್ನೆಲೆ ಸಂಗೀತ, ಸೂರ್ಯಾಸ್ತ ಏನೂ ಇಲ್ಲ. ‘ಇಂಥ ಅಧಿಕಾರಿಯ ನಂಬರ್ ಇದು, ಫೋನ್ ಮಾಡಿ ಕೇಳಿ’ ಅಂತ ಹೇಳಿ ಮುಗಿಸುವುದು. ಕೆಲಸ ಆದರೆ ಆದದ್ದನ್ನೂ ಇನ್ನೊಂದು ವಿಡಿಯೋ ಮಾಡಿ ಹಾಕುವುದು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೂ ಒಂದು ನಂಬರಿಗೆ ಫೋನ್ ಮಾಡಿದ್ದೆ. ಆ ಕಡೆಯವರು ಎತ್ತಿಯೇಬಿಟ್ಟರು! ನನ್ನ ಹರಕು ಹಿಂದಿಯಲ್ಲಿ ಅಂಗನವಾಡಿಯ ವಿಷಯ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆಂಗಳೂರಿನಿಂದ ಮಾತಾಡ್ತಿದೀರಾ? ನಿಮಗೇನು ಸಂಬಂಧ?’ ಅಂದರು. ಸಿಟ್ಟಿರಲಿಲ್ಲ, ಶುದ್ಧ ಆಶ್ಚರ್ಯ. ಏನು ಸಂಬಂಧ ಅಂತ ವಿವರಿಸುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದ್ದರೂ ಹೇಳುವುದು ಕಷ್ಟವಿತ್ತು.

ಇನ್ನು ‘ಖಬರ್ ಲಹರಿಯಾ’. 2002ರಲ್ಲಿ ಉತ್ತರಪ್ರದೇಶದ ಚಿತ್ರಕೂಟದಲ್ಲಿ ಬುಂದೇಲಿ ಪತ್ರಿಕೆಯಾಗಿ ಹುಟ್ಟಿದ್ದು. ಹಳ್ಳಿಯ ಹೆಣ್ಣುಮಕ್ಕಳೇ, ಬಹುಪಾಲು ದಲಿತ ಹೆಣ್ಣುಮಕ್ಕಳೇ, ಬರೆದು, ಅಚ್ಚು ಹಾಕಿಸಿ, ಹಂಚಿದರು. ಆಮೇಲೆ ಕಾಗದ ಬಿಟ್ಟು ಮೊಬೈಲ್ ಹಿಡಿದು ವಿಡಿಯೋಗೆ ಹೊರಳಿದರು. ಆ ಹೊರಳುವಿಕೆಯನ್ನೇ ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ‘ರೈಟಿಂಗ್ ವಿತ್ ಫೈರ್’ ಎಂದು ಚಿತ್ರ ಮಾಡಿದರು. ಅದು 2022ರ ಆಸ್ಕರ್‌ನ ಅಂತಿಮ ಪಟ್ಟಿಗೂ ಹೋಯಿತು. ದೇಶವೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ, ಸಮಾರಂಭಕ್ಕೆ ಕೆಲವೇ ದಿನ ಇರುವಾಗ, ಖಬರ್ ಲಹರಿಯಾದವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಚೆನ್ನಾಗಿದೆ, ಮನಸ್ಸಿಗೆ ನಾಟುವಂತಿದೆ. ಆದರೆ ನಾವು ಒಂದೇ ಪಕ್ಷದ ಬೆನ್ನು ಹತ್ತಿದವರೆಂಬ ಹಾಗೆ ತೋರಿಸಿದ್ದು ಸರಿಯಲ್ಲ, ಅರ್ಧ ಕಥೆ ಇಡೀ ಕಥೆಯನ್ನು ತಿರುಚಬಹುದು ಅನ್ನುವುದು ಅದರ ಸಾರ.

ನನ್ನ ಗೆಳತಿಯೊಬ್ಬಳು ‘ಇದೇನು ಕೃತಘ್ನತೆ’ ಅಂದಳು. ನನಗೆ ಹಾಗನಿಸಲಿಲ್ಲ. ಇಷ್ಟು ವರ್ಷ ನಮ್ಮ ಸಾಕ್ಷ್ಯಚಿತ್ರಗಳಲ್ಲಿ ಬಂದುಹೋದ ಎಷ್ಟು ರೈತರು, ಎಷ್ಟು ಪೌರಕಾರ್ಮಿಕರು ‘ಅದು ನಾನಲ್ಲ’ ಅಂತ ಹೇಳಬೇಕೆಂದಿದ್ದರೋ! ಹೇಳುವುದಕ್ಕೆ ಅವರ ಬಳಿ ಚಾನೆಲ್ ಇರಲಿಲ್ಲ. ಇವರ ಬಳಿ ಇತ್ತು, ಹೇಳಿದರು. ಆ ನಿರ್ದೇಶಕರ ಬಗ್ಗೆಯೂ ನನಗೆ ಗೌರವವಿದೆ. ವರ್ಷಗಟ್ಟಲೆ ಜೊತೆಗಿದ್ದು ತೆಗೆದದ್ದನ್ನು ಒಂದೂವರೆ ಗಂಟೆಗೆ ಇಳಿಸುವಾಗ ಯಾವುದೋ ಒಂದು ಎಳೆ ಹಿಡಿಯಲೇಬೇಕು. ಯಾವ ಎಳೆ ಅನ್ನುವುದಷ್ಟೇ ಜಗಳ.

ಈ ಜಗಳ ನಮ್ಮ ಮನೆಯೊಳಗೂ ಬಂದಿದೆ.

ನನ್ನ ಅಪ್ಪಯ್ಯ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅವರಿಗೆ ಹತ್ತು ವರ್ಷ. ಪಾತ್ರೆ, ಮುದುಕರು, ಕರು ಎಲ್ಲವನ್ನೂ ಲಾರಿಯಲ್ಲಿ ತುಂಬಿ ಶಿವಮೊಗ್ಗ ಕಡೆಯ ಕಾಡಂಚಿನಲ್ಲಿ ಇಳಿಸಿ ಹೋದರಂತೆ. ಟಾಕೀಸಿನಲ್ಲಿ ಫಿಲ್ಮ್ಸ್ ಡಿವಿಷನ್ ಚಿತ್ರವನ್ನು ಕೂತು ಪೂರ್ತಿ ನೋಡುತ್ತಿದ್ದ ಅಪರೂಪದವರಲ್ಲಿ ಅವರೂ ಒಬ್ಬರು. ‘ಅಣೆಕಟ್ಟು ತೋರ್ಸೋರು ಮಾರಾಯ್ತಿ. ನೀರು ಧುಮ್ಕೋದು, ಲೈಟು ಹತ್ತೋದು. ಚಂದ ಇರ್ತಿತ್ತು. ನಮ್ ಮನೆ ಮುಳುಗಿದ್ದು ಮಾತ್ರ ಯಾವ್ ಪಿಚ್ಚರ್ನಲ್ಲೂ ಬರ್ಲಿಲ್ಲ’ ಅನ್ನುತ್ತಾರೆ.

ಹೋದ ವರ್ಷ ಅವರನ್ನು ಜಗಲಿ ಮೇಲೆ ಕೂರಿಸಿ ಮೊಬೈಲಿನಲ್ಲಿ ಮಾತಾಡಿಸಿದೆ. ನಲವತ್ತೊಂದು ನಿಮಿಷ ಆಯಿತು. ನನ್ನ ಮನಸ್ಸಿನಲ್ಲಿದ್ದದ್ದು ‘ಪ್ಯಾಡ್.ಮಾ’. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ, ಮುಂಬೈನ ಕ್ಯಾಂಪ್ ಮೊದಲಾದವರು ಸೇರಿ 2008ರಲ್ಲಿ ಶುರುಮಾಡಿದ ವಿಡಿಯೋ ಭಂಡಾರ. ಅಲ್ಲಿ ಮುಗಿದ ಚಿತ್ರಕ್ಕಿಂತ ಕತ್ತರಿಸದ ತುಣುಕುಗಳಿಗೆ ಬೆಲೆ. ಯಾವ ಕ್ಷಣದಲ್ಲಿ ಯಾರು ಏನಂದರು ಅಂತ ಪಕ್ಕದಲ್ಲೇ ಬರೆದಿಡುತ್ತಾರೆ, ಪದ ಹುಡುಕಿ ಆ ಜಾಗಕ್ಕೇ ಹೋಗಬಹುದು. ಹಾಗೆ ನಮ್ಮ ಮುಳುಗಡೆ ಊರಿನದ್ದೂ ಒಂದು ಇರಲಿ ಅಂತ ಆಸೆ.

ಇಪ್ಪತ್ತಾರನೇ ನಿಮಿಷದಲ್ಲಿ ಅಪ್ಪಯ್ಯ ಪರಿಹಾರದ ದುಡ್ಡಿನ ವಿಷಯಕ್ಕೆ ಬರುತ್ತಾರೆ. ಅಷ್ಟು ನೋಟು ಒಟ್ಟಿಗೆ ಕಂಡೇ ಇರದ ಅಜ್ಜ ಎರಡು ವರ್ಷದಲ್ಲಿ ಇಸ್ಪೀಟು, ಸಾರಾಯಿ ಅಂತ ಅದನ್ನು ಹೇಗೆ ಕಳೆದರು, ಅಜ್ಜಿ ಹೇಗೆ ಕೂಲಿಗೆ ಹೋದರು ಅಂತ ಎಂಟು ನಿಮಿಷ ಹೇಳುತ್ತಾರೆ. ನನ್ನ ಪ್ರಕಾರ ಇಡೀ ವಿಡಿಯೋದ ಜೀವ ಅಲ್ಲೇ ಇದೆ. ನೆಲ ಕಿತ್ತುಕೊಂಡು ಕೈಗೆ ನೋಟು ಕೊಟ್ಟರೆ ಒಂದು ಕುಟುಂಬಕ್ಕೆ ಏನಾಗುತ್ತದೆ ಅನ್ನುವುದು ಅಷ್ಟು ಸ್ಪಷ್ಟವಾಗಿ ನಾನು ಎಲ್ಲೂ ಕೇಳಿಲ್ಲ.

ಮಾರನೇ ದಿನ ಬೆಳಿಗ್ಗೆ ಅಪ್ಪಯ್ಯ, ‘ಸರ್ಕಾರದ್ದು ಹಾಕು. ಅಜ್ಜಂದು ತೆಗಿ’ ಅಂದರು.

ವಾದ ಮಾಡಿದೆ. ಅಜ್ಜನ ತಪ್ಪಲ್ಲ ಅದು, ಹಾಗೇ ಆಗುತ್ತೆ ಅಂತಲೇ ಜನರಿಗೆ ತೋರಿಸಬೇಕು ಅಂದೆ. ‘ನಿಂಗೆ ಅದು ವಿಷಯ. ನಂಗೆ ಅಪ್ಪ’ ಅಂದರು. ಯಾರ್ಯಾರು ನೋಡುತ್ತಾರೆ ಅಂತ ಕೇಳಿದರು. ಯಾರು ಬೇಕಾದರೂ ಅಂದೆ. ‘ನಮ್ ಊರೋರೂ?’ ಹೌದು, ಅವರೂ. ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು.

ವಿಡಿಯೋ ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ. ಆ ಎಂಟು ನಿಮಿಷ ತೆಗೆದದ್ದೊಂದು, ತೆಗೆಯದ್ದೊಂದು, ಎರಡು ಪ್ರತಿ. ಹೋದ ವಾರ ಅಪ್ಪಯ್ಯ ತಾವಾಗಿ ಫೋನ್ ಮಾಡಿ, ನಮ್ಮ ಜೊತೆ ಅದೇ ಲಾರಿಯಲ್ಲಿ ಬಂದ ಒಬ್ಬರು ರಿಪ್ಪನ್‌ಪೇಟೆ ಹತ್ತಿರ ಇನ್ನೂ ಗಟ್ಟಿಯಾಗಿದ್ದಾರೆ, ಅವರಿಗೆ ನನಗಿಂತ ಚೆನ್ನಾಗಿ ನೆನಪಿದೆ, ಬರುವಾಗ ಮೊಬೈಲ್ ಚಾರ್ಜ್ ಮಾಡಿಕೊಂಡು ಬಾ ಅಂದರು. ಅಜ್ಜನ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.